ಸುಭದ್ರಾ ಮೇಡಂ ಕರೆದ ದರ್ಬಾರು

ತೆಲುಗು ಸೀಮೆಯ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದಕ್ಕೆ ಯಂತ್ರಗಳ ರಿಪೇರಿ ವಿಭಾಗದ ಹೊಸ ಮ್ಯಾನೇಜರ್ ಬಂದ ಮೊದಲ ವಾರವೇ ಅಲ್ಲಿನವರು ಆಕೆಗೊಂದು ಹೆಸರಿಟ್ಟರು: ಮಿಲಿಟರಿ ಮೇಡಂ. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ. ಆದರೂ ಸುಭದ್ರಾಳ ಕಿವಿಗೆ ಅದು ಬಿದ್ದಿತ್ತು. ಬೇಸರವೇನೂ ಆಗಲಿಲ್ಲ, ಸೇನೆಯಲ್ಲಿ ಆಕೆಗಿದ್ದ ಅಡ್ಡಹೆಸರು ಇದಕ್ಕಿಂತ ಕೆಟ್ಟದ್ದಾಗಿತ್ತು.

ಮಾನ್ವಿ ಕಡೆಯ ಹಳ್ಳಿಯವಳು. ಅಪ್ಪ ಹಂಪಯ್ಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಆಕೆಗಿಂತ ಮುಂಚೆ ಯಾರೂ ಇರಲಿಲ್ಲ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಸೇನೆಯ ತಾಂತ್ರಿಕ ಅಧಿಕಾರಿಯಾಗಿ ಸೇರಿದಳು. ಪಠಾಣ್‌ಕೋಟ್, ಲೇಹ್, ಕಡೆಗೆ ಸಿಕಂದರಾಬಾದ್ ಎಂದು ಊರೂರು ಸುತ್ತಿ, ಸೇನೆಯ ಲಾರಿಗಳನ್ನೂ ಟ್ಯಾಂಕುಗಳನ್ನೂ ರಿಪೇರಿ ಮಾಡುವ ವರ್ಕ್‌ಶಾಪುಗಳನ್ನು ನಡೆಸಿದಳು. ಒಪ್ಪಂದದ ಅವಧಿ ಮುಗಿದಾಗ ಖಾಯಂ ಆದವರ ಪೈಕಿ ಆಕೆ ಇರಲಿಲ್ಲ. ಮೇಜರ್ ಸುಭದ್ರಾ ಸಮವಸ್ತ್ರವನ್ನು ಇಸ್ತ್ರಿ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಪಟಾನ್‌ಚೆರುವಿನ ಹತ್ತಿರದ ರಾಮಚಂದ್ರಾಪುರದಲ್ಲಿದ್ದ ಗಂಡನ ಕ್ವಾರ್ಟರ್ಸಿಗೆ ಬಂದಳು. ಗಂಡ ಶಾಂತಕುಮಾರ ಬೀದರಿನವನು, ರಾಮಚಂದ್ರಾಪುರದಲ್ಲೇ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮಗಳು ಲಹರಿ ಶಾಲೆಗೆ ಹೋಗುತ್ತಿದ್ದಳು.

ಪಟಾನ್‌ಚೆರುವಿನ ಕೆಲಸ ಸಿಕ್ಕಾಗ ಸುಭದ್ರಾ ಅಂದುಕೊಂಡದ್ದು ಇಷ್ಟೆ: ಯಂತ್ರ ಎಲ್ಲಿದ್ದರೂ ಯಂತ್ರ. ಅದಕ್ಕೆ ಎಣ್ಣೆ ಬೇಕು, ಹೊತ್ತಿಗೆ ಸರಿಯಾಗಿ ನೋಡುವವರು ಬೇಕು. ಈ ಮಾತು ಸುಳ್ಳಾಗಲಿಲ್ಲ. ಯಂತ್ರಗಳ ವಿಷಯದಲ್ಲಿ ಆಕೆ ಎಲ್ಲಿಯೂ ಎಡವಲಿಲ್ಲ.

ಸೇನೆಯಲ್ಲೊಂದು ಪದ್ಧತಿ ಇದೆ. ತಿಂಗಳಿಗೊಮ್ಮೆ ಅಧಿಕಾರಿ ಎಲ್ಲ ಜವಾನರನ್ನೂ ಒಂದೆಡೆ ಕೂಡಿಸುತ್ತಾನೆ. ಅದಕ್ಕೆ ದರ್ಬಾರು ಎನ್ನುತ್ತಾರೆ. ಅಲ್ಲಿ ಯಾವ ಜವಾನನಾದರೂ ಎದ್ದು ನಿಂತು ತನ್ನ ದೂರನ್ನು ನೇರವಾಗಿ ಹೇಳಬಹುದು. ಊಟ ಸರಿಯಿಲ್ಲ ಎನ್ನಬಹುದು, ರಜೆ ಕೊಡುತ್ತಿಲ್ಲ ಎನ್ನಬಹುದು. ದರ್ಬಾರಿನಲ್ಲಿ ಆಡಿದ ಮಾತಿಗಾಗಿ ಯಾರನ್ನೂ ಮುಟ್ಟುವ ಹಾಗಿಲ್ಲ. ಸುಭದ್ರಾಗೆ ಇಡೀ ಸೇನೆಯಲ್ಲಿ ಬಹಳ ಹಿಡಿಸಿದ್ದು ಇದೊಂದು. ಅದನ್ನೇ ಕಾರ್ಖಾನೆಗೂ ತಂದಳು.

ಕ್ಯಾಂಟೀನಿನ ಬೆಂಚುಗಳನ್ನು ಸಾಲಾಗಿ ಹಾಕಿಸಿದಳು. ತನ್ನ ವಿಭಾಗದವರ ಜತೆಗೆ ಉತ್ಪಾದನಾ ವಿಭಾಗದವರನ್ನೂ ಕರೆದಳು. ಆ ವಿಭಾಗದ ಮ್ಯಾನೇಜರ್ ವಿನಾಯಕರಾವ್ ಅವರಿಗೆ ಮುಂದೆ ಕುರ್ಚಿ ಹಾಕಿಸಿದಳು. ಅವರು ವರಂಗಲ್ಲಿನವರು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು.

"ಯಾರಿಗೆ ಏನು ತೊಂದರೆ ಇದ್ದರೂ ಹೇಳಿ. ಹೇಳಿದವರಿಗೆ ಏನೂ ಆಗುವುದಿಲ್ಲ, ಇದು ನನ್ನ ಮಾತು" ಎಂದು ಹಿಂದಿಯಲ್ಲಿ ಹೇಳಿದಳು. ಯಾರೂ ಏಳಲಿಲ್ಲ. ಆಗ ಅದನ್ನೇ ತನ್ನ ಊರ ಮಾತಿನಲ್ಲಿ ಹೇಳಿದಳು: "ಅಂಜಬ್ಯಾಡ್ರಿ, ಹೇಳ್ರಿ."

ಕನ್ನಡ ಕೇಳಿ ಹಿಂದಿನ ಬೆಂಚಿನಿಂದ ದ್ಯಾವಪ್ಪ ಎದ್ದ. ಸುರಪುರ ಕಡೆಯವನು, ಗುತ್ತಿಗೆ ಕೆಲಸಗಾರ. ಒದ್ದೆ ಪುಡಿಯನ್ನು ಗಿರಗಿರ ತಿರುಗಿಸಿ ನೀರು ಹಿಂಡುವ ದೊಡ್ಡ ಯಂತ್ರದ ಹತ್ತಿರ ಅವನ ಕೆಲಸ. ಯಂತ್ರ ಪೂರ್ತಿ ನಿಲ್ಲುವ ತನಕ ಮುಚ್ಚಳ ತೆರೆಯದಂತೆ ಅದಕ್ಕೊಂದು ಸ್ವಿಚ್ಚಿರುತ್ತದೆ.

"ಮೇಡಂ, ಆ ಸ್ವಿಚ್ಚು ಕೆಲಸ ಮಾಡಬಾರ್ದಂತ ತಂತಿ ಕಟ್ಯಾರ್ರಿ. ಅದು ಇನ್ನೂ ತಿರಗಾಕತ್ತಿರತೈತಿ, ಇವ್ರು ಮುಚ್ಚಳ ತಗಿ ಅಂತಾರ. ಮೊನ್ನಿ ನನ್ನ ಅಂಗಿ ತೋಳು ಎಳಕೊಂತು. ತೋಳು ಹರೀತು, ಕೈ ಉಳೀತು."

ಎಲ್ಲರೂ ನಕ್ಕರು. ಸುಭದ್ರಾ ನಗಲಿಲ್ಲ. ನೇರ ಯಂತ್ರದ ಬಳಿಗೆ ನಡೆದಳು, ಎಲ್ಲರೂ ಹಿಂಬಾಲಿಸಿದರು. ಇಕ್ಕಳ ತರಿಸಿ ತಾನೇ ತಂತಿ ಕತ್ತರಿಸಿ, ವಿನಾಯಕರಾಯರ ಕೈಗೆ ಕೊಟ್ಟಳು. ವರ್ಕ್‌ಶಾಪಿನಲ್ಲಿ ನೂರು ಸಲ ಹೀಗೆಯೇ ಮಾಡಿದ್ದಳು. ತಪ್ಪು ಕಂಡಲ್ಲಿ, ಕಂಡ ಕೂಡಲೇ, ಎಲ್ಲರ ಮುಂದೆ. ರಾಯರು ತಂತಿಯನ್ನು ಜೇಬಿಗೆ ಹಾಕಿಕೊಂಡು, "ಥ್ಯಾಂಕ್ಯೂ ಮೇಡಂ" ಎಂದು ಹೋದರು. ಸಂಗತಿ ಅಲ್ಲಿಗೆ ಮುಗಿಯಿತೆಂದು ಸುಭದ್ರಾ ತಿಳಿದಳು.

ಮರುದಿನ ದ್ಯಾವಪ್ಪನನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದ್ದರು. ಅದು ಆಕೆಗೆ ಗೊತ್ತಾದದ್ದು ಮೂರನೆಯ ದಿನ, ಅದೂ ಆ ಯಂತ್ರದ ಮುಂದೆ ಬೇರೊಬ್ಬ ನಿಂತಿದ್ದನ್ನು ಕಂಡಮೇಲೆ.

ಸಂಜೆ ಅವನ ಮನೆ ಹುಡುಕಿಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಸೂರಿನ ಒಂದೇ ಕೋಣೆ. ದ್ಯಾವಪ್ಪ ಬೇರೆ ಕೆಲಸ ಕೇಳಲು ಹೋಗಿದ್ದ. ಅವನ ಹೆಂಡತಿ ಹುಸೇನಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಂದವರು ಯಾರೆಂದು ಗೊತ್ತಾದರೂ ಕೈ ನಿಲ್ಲಿಸಲಿಲ್ಲ.

"ಕೂಡ್ರಿ. ನೀವs ಏನ್ರಿ ಆ ಮಿಲ್ಟ್ರಿ ಬಾಯಾರು?"

"ಹೌದವ್ವ. ತಪ್ಪಾತು. ಅವನ್ನ ತಿರುಗಿ ಕೆಲಸಕ್ಕ ತಗೊಳ್ಳೋ ಹಂಗ ಮಾಡ್ತೀನಿ."

"ಬಾಯಿ ಬಿಡು ಅಂದ್ರಿ, ಬಿಟ್ಟ. ಈಗ ಆ ಬಾಯಿಗೆ ಹಾಕಾಕ ಏನ್ ತರ್ಲಿ?" ಹುಸೇನಮ್ಮ ರೊಟ್ಟಿ ತಿರುವಿ ಹಾಕಿದಳು. "ನನ್ ಗಂಡ ಮೊದ್ಲs ಮಾತ ಕಡಿಮಿ ಮನಷಾ. ವರ್ಷಕ್ಕೊಂದು ಮಾತಾಡ್ತಾನ. ಅದನ್ನ ಹೋಗಿ ನಿಮ್ ಮುಂದ ಆಡ್ಯಾನ."

ಹುಸೇನಮ್ಮ ಕೊಟ್ಟ ಬಿಸಿ ರೊಟ್ಟಿಯನ್ನು ಸುಭದ್ರಾ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು.

ಅಲ್ಲಿಂದ ಗುತ್ತಿಗೆದಾರ ಗುರುಸಿದ್ದಪ್ಪನ ಅಂಗಡಿಗೆ ಹೋದಳು. ಹುಮನಾಬಾದಿನ ಮುದುಕ. ಜನರನ್ನು ಕಾರ್ಖಾನೆಗಳಿಗೆ ಕಳಿಸುವುದು ಅವನ ವ್ಯವಹಾರ.

"ನಾಳಿಂದ ದ್ಯಾವಪ್ಪ ಕೆಲಸಕ್ಕ ಬರಬೇಕು" ಎಂದಳು, ನಿಂತೇ.

"ಮೊದ್ಲ ಕೂಡ್ರಿ ತಾಯಿ. ಚಾ ಕುಡೀರಿ."

"ಚಾ ಬ್ಯಾಡ."

"ಹಂಗಾದ್ರ ಮಾತೂ ಆಗೂದಿಲ್ಲ." ಮುದುಕ ನಕ್ಕ. "ಹುಕುಂ ಕೊಟ್ರ ನಡಿಯೂದು ನಿಮ್ ಫೌಜಿನ್ಯಾಗ. ಇಲ್ಲಿ ರಾಯರು ಬ್ಯಾಡ ಅಂದ್ರು, ನಾ ತಗದೆ. ನನ್ನ ನಲವತ್ತು ಮಂದಿ ಅವರ ಕೈಯಾಗ ಅದಾರ."

ಸುಭದ್ರಾ ಕುಳಿತಳು. ಚಹಾ ಬಂತು. ಕುಡಿದಳು.

"ಅವ ಹೇಳಿದ್ದು ಖರೇ ಇತ್ತಲ್ರಿ" ಎಂದಳು.

"ಖರೇನ ಐತಿ. ಆದ್ರ ನೀವೇನ್ ಮಾಡಿದ್ರಿ? ಹೇಳಿದವನ ಹೆಸರು ಮುಚ್ಚಿಟ್ಟು, ಹೇಳಿದ್ದಷ್ಟs ತಗೋಬೇಕಿತ್ತು. ನೀವು ಅವನ್ನ ಮುಂದ ನಿಲ್ಲಿಸಿ, ರಾಯರ ಕೈಯಾಗ ತಂತಿ ಕೊಟ್ಟು ಬಂದ್ರಿ. ಅವರೂ ಮನಷ್ಯಾರs ಅಲ್ಲೇನು?" ಚಹಾದ ಬಸಿ ಕೆಳಗಿಟ್ಟ. "ಆ ತಂತಿ ಯಾಕ ಕಟ್ಟಿದ್ರು, ಕೇಳೀರಿ?"

ಕೇಳಿರಲಿಲ್ಲ. ಯಂತ್ರವೊಂದು ಕೆಟ್ಟರೆ ಯಾಕೆ ಎಂದು ಏಳು ಸಲ ಕೇಳುವವಳು, ತಂತಿ ಕಟ್ಟಿದ ಮನುಷ್ಯನನ್ನು ಒಂದು ಸಲವೂ ಕೇಳಿರಲಿಲ್ಲ.

ಮನೆಯಲ್ಲಿ ಶಾಂತಕುಮಾರ ಎಲ್ಲವನ್ನೂ ಕೇಳಿ, "ಮೇಜರ್ ಸಾಹೇಬರು ಸೋತು ಬಂದಂಗ ಕಾಣ್ತದ" ಎಂದ.

"ಸೋತಿಲ್ಲ. ಆದ್ರ ನಾಳೆ ಅವರ ರೂಮಿಗೆ ಹೋಗಬೇಕು. ಹೋಗಿ ಏನನ್ಲಿ?"

"ನನ್ನ ಕೂಡ ಜಗಳಾಡಿ ಮರುದಿನ ಏನಂತೀ, ಅದನ್ನ ಅನ್ನು."

"ನಾ ಏನೂ ಅನ್ನೂದಿಲ್ಲಲ್ಲ."

"ಹೌದು, ಅದೊಂದು ಬಿಟ್ಟು ಬ್ಯಾರೆ ಏನಾರ ಅನ್ನು."

ಲಹರಿ ನಕ್ಕಳು. ಸುಭದ್ರಾಗೂ ನಗು ಬಂತು. ಆದರೆ ಚಿಂತೆ ಹೋಗಲಿಲ್ಲ. ಸೇನೆಯಲ್ಲಿ ಮೇಲಿನವರಿಗೆ ವರದಿ ಕೊಡುವುದು ಗೊತ್ತಿತ್ತು, ಕೆಳಗಿನವರಿಗೆ ಆದೇಶ ಕೊಡುವುದು ಗೊತ್ತಿತ್ತು. ತನಗೆ ಸರಿಸಮಾನರಾದ ಒಬ್ಬರ ಎದುರು ಕೂತು, ದಯವಿಟ್ಟು ಇದೊಂದು ಮಾಡಿ ಎಂದು ಕೇಳಿದ ನೆನಪು ಆಕೆಗಿರಲಿಲ್ಲ. ತಂತಿಯ ವಿಷಯದಲ್ಲಿ ತಾನು ಸರಿ. ಸರಿಯಿದ್ದವರು ಕೇಳಿಕೊಳ್ಳುವುದು ಹೇಗೆ? ಆದರೆ ಹೇಳಿದವರಿಗೆ ಏನೂ ಆಗುವುದಿಲ್ಲ ಎಂದು ಮಾತು ಕೊಟ್ಟವಳೂ ತಾನೇ. ಆ ಮಾತು ಉಳಿಯದಿದ್ದರೆ ಈ ಕೆಲಸ ಉಳಿದರೂ ಒಂದೇ, ಹೋದರೂ ಒಂದೇ.

ಬೆಳಿಗ್ಗೆ ವಿನಾಯಕರಾಯರ ಕೋಣೆಗೆ ಹೋದಳು.

"ಕೂರ್ಚೋಂಡಿ ಮೇಡಂ" ಎಂದು ರಾಯರು ಕುರ್ಚಿ ತೋರಿಸಿದರು, ಮುಖ ಎತ್ತಲಿಲ್ಲ.

"ಸರ್, ಆ ದಿನ ನಿಮ್ಮ ಜನರ ಮುಂದೆ ನಾನು ಹಾಗೆ ಮಾಡಬಾರದಾಗಿತ್ತು. ಮೊದಲು ನಿಮ್ಮ ಹತ್ತಿರ ಬರಬೇಕಾಗಿತ್ತು."

ರಾಯರು ಈಗ ಮುಖ ಎತ್ತಿದರು.

"ಆದರೆ ತಂತಿ ಮತ್ತೆ ಕಟ್ಟುವಂತಿಲ್ಲ" ಎಂದು ಸೇರಿಸಿದಳು. "ಯಾಕೆ ಕಟ್ಟಿದಿರಿ ಎಂದು ಕೇಳಲಿಕ್ಕೆ ಬಂದೆ."

ರಾಯರು ತಮ್ಮ ತೆಲುಗು ಬೆರೆತ ಹಿಂದಿಯಲ್ಲಿ ಶುರು ಮಾಡಿದರು. ಆ ಯಂತ್ರದ ಬ್ರೇಕು ಸವೆದು ಹೋಗಿ ಎಷ್ಟೋ ಕಾಲವಾಗಿತ್ತು. ಕರೆಂಟು ಆರಿಸಿದ ಮೇಲೆ ಅದು ತಾನಾಗಿ ನಿಲ್ಲಬೇಕಾದರೆ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬರುವಷ್ಟು ಹೊತ್ತು. ಮೇಲಿನವರು ಮಾಲು ಮಾಲು ಎಂದು ತಲೆ ತಿನ್ನುತ್ತಾರೆ. "ಬ್ರೇಕ್ ಹಾಕಿಕೊಡಿ ಎಂದು ನಿಮ್ಮ ವಿಭಾಗಕ್ಕೆ ಹೇಳಿ ಹೇಳಿ ಸಾಕಾಯಿತು ಮೇಡಂ. ನಿಮಗಿಂತ ಮೊದಲಿದ್ದವರು ನೋಡೋಣ ಎಂದರು. ನೋಡುತ್ತಲೇ ಇದ್ದರು. ನಾನೇನು ಖುಷಿಗೆ ಕಟ್ಟಿಸಿದೆನಾ?"

ಸುಭದ್ರಾಗೆ ಈಗ ಗೊತ್ತಾಯಿತು: ತಪ್ಪಿನ ಬೇರು ತನ್ನದೇ ವಿಭಾಗದಲ್ಲಿತ್ತು.

"ಭಾನುವಾರ ಬ್ರೇಕು ಬದಲಾಗುತ್ತದೆ. ನಾನೇ ನಿಂತು ಮಾಡಿಸುತ್ತೇನೆ" ಎಂದಳು. ಎದ್ದು ಹೋಗಬಹುದಾಗಿತ್ತು, ಹೋಗಲಿಲ್ಲ. ಕುರ್ಚಿಯಲ್ಲೇ ಮುಂದೆ ಸರಿದು, "ಇನ್ನೊಂದು ಕೇಳಿಕೊಳ್ಳುವುದಿದೆ. ದ್ಯಾವಪ್ಪನ ಮೇಲೆ ಸಿಟ್ಟಾಗಬೇಡಿ. ಸಿಟ್ಟಿದ್ದರೆ ನನ್ನ ಮೇಲಿರಲಿ. ಅವನನ್ನು ಹೇಳು ಎಂದು ಎಬ್ಬಿಸಿದವಳು ನಾನು. ದಯವಿಟ್ಟು" ಎಂದಳು.

ದಯವಿಟ್ಟು ಎಂಬ ಮಾತು ಬಾಯಿಂದ ಹೊರಬಂದಾಗ ತಾನು ಅಂದುಕೊಂಡಷ್ಟು ಕಹಿಯಾಗಿರಲಿಲ್ಲ.

"ಬ್ರೇಕು ಆಗಲಿ, ಆಮೇಲೆ ನೋಡೋಣ" ಎಂದರು ರಾಯರು. ನೋಡೋಣ ಎಂದದ್ದು ತಮಗೇ ಕೇಳಿಸಿ ನಕ್ಕರು.

ಭಾನುವಾರ ಬ್ರೇಕು ಬದಲಾಯಿತು. ರಾಯರೂ ರಜೆ ಬಿಟ್ಟು ಬಂದಿದ್ದರು. ಕರೆಂಟು ಆರಿಸಿದ ಕೂಡಲೇ ಯಂತ್ರ ಉಸ್ಸೆಂದು ನಿಂತಿತು. ಇನ್ನು ಮುಚ್ಚಳದ ಸ್ವಿಚ್ಚಿಗೆ ತಂತಿ ಕಟ್ಟುವ ಗರಜು ಯಾರಿಗೂ ಇರಲಿಲ್ಲ. ಮಂಗಳವಾರ ಗೇಟಿನಲ್ಲಿ ದ್ಯಾವಪ್ಪ ಕಂಡ.

ಆದರೆ ಅವನು ಸುಭದ್ರಾಳತ್ತ ನೋಡಲಿಲ್ಲ. ನಮಸ್ಕಾರ ಎಂದರೆ ಕೈ ಮುಗಿಯುತ್ತಿದ್ದ, ಅಷ್ಟೆ. ಅವನನ್ನು ಗೇಟಿನೊಳಗೆ ತರುವುದು ಆಕೆಯಿಂದ ಸಾಧ್ಯವಾಗಿತ್ತು. ಅವನು ಮತ್ತೆ ತನ್ನ ಎದುರು ಬಾಯಿ ಬಿಡುವಂತೆ ಮಾಡುವುದು ಯಾರ ಕೈಯಲ್ಲೂ ಇರಲಿಲ್ಲ. ಸುಭದ್ರಾ ಮತ್ತೆ ದರ್ಬಾರು ಕರೆಯಲಿಲ್ಲ. ಬದಲಿಗೆ ಊಟದ ನಂತರ ಒಬ್ಬಳೇ ಶೆಡ್ಡುಗಳಲ್ಲಿ ಅಡ್ಡಾಡುವುದನ್ನು ರೂಢಿ ಮಾಡಿಕೊಂಡಳು. ಯಾರ ಹತ್ತಿರವೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಹೀಗೇ ಹೋಗುತ್ತಿದ್ದಾಗ, ಡ್ರಮ್ಮು ಉರುಳಿಸುತ್ತಿದ್ದ ದ್ಯಾವಪ್ಪ ತಲೆ ಎತ್ತದೆ ಹೇಳಿದ:

"ಮೂರನೇ ಶೆಡ್ಡಿನ ಪಂಪ್ ಭಾಳ ಕಾಯಾಕತ್ತೈತ್ರಿ. ಮುಟ್ಟಿದ್ರ ಕೈ ಸುಡತೈತಿ. ನಾ ಹೇಳಿದ್ದಲ್ರಿ ಮತ್ತ."

"ನೀ ಎಲ್ಲಿ ಹೇಳಿದಿ?" ಎಂದಳು ಸುಭದ್ರಾ. "ನಾನs ಆ ಕಡೆ ಅಡ್ಡಾಡಕೋಂತ ಹೋಗಿದ್ನಿ. ಕೈ ಇಟ್ಟೆ, ಸುಡ್ತು."

"ಯಾವಾಗ ಹೋಗಿದ್ರಿ?"

"ಈಗ ಹೊಂಟೀನಿ ನೋಡು."

ದ್ಯಾವಪ್ಪ ಮೀಸೆಯಲ್ಲೇ ನಕ್ಕು ಡ್ರಮ್ಮು ಉರುಳಿಸಿಕೊಂಡು ಮುಂದೆ ಹೋದ. ಸುಭದ್ರಾ ಮೊದಲು ವಿನಾಯಕರಾಯರಿಗೆ ಫೋನು ಮಾಡಿ, "ಸರ್, ಮೂರನೇ ಶೆಡ್ಡಿಗೆ ಹೋಗುತ್ತಿದ್ದೇನೆ, ಬರುತ್ತೀರಾ?" ಎಂದು ಕೇಳಿದಳು.