ಎಷ್ಟು ಬೆರಳಿನ ಆಟ?

ನನ್ನ ಮದುವೆ ಒಂದೇ ಮಧ್ಯಾಹ್ನದಲ್ಲಿ ನಿಶ್ಚಯವಾಗಿತ್ತು. ಹುಡುಗಿಯನ್ನು ನೋಡಿದ್ದು, ಸಜ್ಜಿಗೆ ಅವಲಕ್ಕಿ ತಿಂದದ್ದು, ಹಿರಿಯರು ಪಕ್ಕದ ಕೋಣೆಗೆ ಹೋಗಿ ಪಿಸುಗುಟ್ಟಿ ಬಂದದ್ದು, ಎಲ್ಲ ಸೇರಿ ಸಂಜೆಯ ಕಾಫಿಗೆ ಮೊದಲೇ ಮುಗಿದಿತ್ತು. ಮುಂಬಯಿಯ ಘಾಟ್ಕೋಪರಿನ ಈ ಫ್ಲಾಟನ್ನು ಕೊಳ್ಳುವಾಗಲೂ ಅಷ್ಟೆ. ನಳ್ಳಿ ತಿರುಗಿಸಿ ನೀರು ಬರುತ್ತದೆಯೇ ನೋಡಿದೆ, ಸ್ಟೇಷನ್ ಎಷ್ಟು ದೂರ ಎಂದು ಕೇಳಿದೆ, ಹೂಂ ಎಂದೆ. ಅಂಥ ನಾನು ಕಂಪ್ಯೂಟರಿನ ಒಂದು ಆಟವನ್ನು ಆರಿಸಲು ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ ತಲೆ ಕೆಡಿಸಿಕೊಂಡೆ ಎಂದರೆ ನನ್ನ ಆಫೀಸಿನವರು ನಂಬುವುದಿಲ್ಲ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ನೋಡುವ ಐವತ್ತೇಳು ವರ್ಷದ ಮನುಷ್ಯ, ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ನೇತಾಡಿಕೊಂಡು ಇನ್ನೊಂದು ಕೈಯ ಮೊಬೈಲಿನಲ್ಲಿ ಹೊಸಬರಿಗೆ ಯಾವ ಮಾಂತ್ರಿಕ ಒಳ್ಳೆಯವನು ಎಂದು ಓದುತ್ತಿದ್ದರೆ ಪಕ್ಕದವರು ಸ್ವಲ್ಪ ಸರಿದು ನಿಲ್ಲುತ್ತಾರೆ. ಸರಿಯಲು ಜಾಗ ಇದ್ದರೆ.

ಈ ಆಟಗಳ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಗೊತ್ತಿರಲಿಲ್ಲ. ಇಂಟರ್‌ನೆಟ್ಟಿನೊಳಗೆ ಒಂದು ಮಾಯಾಲೋಕ ಇರುತ್ತದೆ. ಕಾಡು, ಕೋಟೆ, ಬೆಂಕಿ ಉಗುಳುವ ಡ್ರ್ಯಾಗನ್. ಜಗತ್ತಿನ ಎಲ್ಲೆಲ್ಲಿಂದಲೋ ಜನ ಒಂದೊಂದು ವೇಷ ಕಟ್ಟಿಕೊಂಡು ಏಕಕಾಲಕ್ಕೆ ಒಳಗೆ ಬರುತ್ತಾರೆ, ಐದೈದು ಮಂದಿ ತಂಡ ಕಟ್ಟಿ ರಾಕ್ಷಸರ ಮೇಲೆ ಬೀಳುತ್ತಾರೆ. ಮುಂದೆ ನಿಂತು ಏಟು ತಿನ್ನುವವನಿಗೆ ಟ್ಯಾಂಕ್ ಎಂದು ಹೆಸರು. ನಮ್ಮ ಮುಂಬಯಿಯಲ್ಲಿ ಟ್ಯಾಂಕ್ ಎಂದರೆ ಬಿಲ್ಡಿಂಗಿನ ತಲೆಯ ಮೇಲಿದ್ದು ಸ್ನಾನದ ಹೊತ್ತಿಗೆ ಸರಿಯಾಗಿ ಖಾಲಿಯಾಗುವಂಥದ್ದು. ಹಿಂದೆ ನಿಂತು ಎಲ್ಲರ ಗಾಯ ಮಾಯಿಸುವವನು ಹೀಲರ್. ಉಳಿದವರು ಹೊಡೆಯುವವರು. ಯಕ್ಷಗಾನ ಮೇಳದಲ್ಲಿ ವೇಷ ಹಂಚುವಾಗ ಆಳಿನ ಮೈಕಟ್ಟು ನೋಡುತ್ತಾರೆ, ಎತ್ತರ ನೋಡುತ್ತಾರೆ, ಸ್ವರ ನೋಡುತ್ತಾರೆ. ಇಲ್ಲಿ ಮೈಯನ್ನು ಯಾರೂ ಕೇಳುವುದಿಲ್ಲ. ಕೇಳುವುದು ಬೆರಳನ್ನು ಮಾತ್ರ. ನಮ್ಮ ಕಷ್ಟ ಇದ್ದದ್ದೇ ಅಲ್ಲಿ.

ನನ್ನ ಹೆಂಡತಿ ಸುಮತಿಯ ತಮ್ಮ ವಸಂತನ ಬೆರಳುಗಳು ಒಂದೊಂದಾಗಿ ಕೈಕೊಡುತ್ತಿದ್ದವು. ವಸಂತ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ದೋಸೆಯ ತಟ್ಟೆಗಳನ್ನು ಸಾಲಾಗಿ ಏರಿಸಿಕೊಂಡು, ಬಲಗೈಯ ಬೆರಳುಗಳನ್ನು ನೀರಿನ ಲೋಟಗಳಿಗೆ ಸಿಕ್ಕಿಸಿಕೊಂಡು, ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಒಂದು ಹನಿ ಚೆಲ್ಲದೆ ಬರುತ್ತಿದ್ದ. ಆ ಕೈ ನೋಡಲಿಕ್ಕೆಂದೇ ನಾನು ಆಫೀಸಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದುಂಟು. ಮೊದಲು ಒಂದು ಲೋಟ ಜಾರಿತು. ಆಮೇಲೆ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಇದು ನರದ ಕಾಯಿಲೆ, ಔಷಧಿ ಇಲ್ಲ ಎಂದರು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು, ನುಂಗುವುದು, ಉಸಿರು. ಯಾವ ಸ್ಟೇಷನ್ ಆದ ಮೇಲೆ ಯಾವುದು ಬರುತ್ತದೆ ಎಂದು ಹೊಸಬರಿಗೆ ಹೇಳುವ ಧಾಟಿಯಲ್ಲೇ ಹೇಳಿದರು. ಪಾಪ, ಅವರಿಗಾದರೂ ಬೇರೆ ಯಾವ ಧಾಟಿ ಇದ್ದೀತು.

ಮದುವೆಯಾಗದ ವಸಂತ ನಮ್ಮ ಹಾಲಿನ ದಿವಾನದ ಮೇಲೆ ಬಂದು ನೆಲೆಸಿದ. ಬಂದವನು ಮಾತು ಬಿಟ್ಟ. ಅಕ್ಕ ತುತ್ತು ಮಾಡಿ ಬಾಯಿಗಿಡಲು ಹೋದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಊರಿಗೆಲ್ಲ ಬಡಿಸಿದವನಿಗೆ ಬಡಿಸಿಕೊಳ್ಳುವುದು ಬರುವುದಿಲ್ಲ. ಸುಮತಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದಳು. ನಾನು ಟಿವಿಯ ಸದ್ದು ಸ್ವಲ್ಪ ಹೆಚ್ಚು ಮಾಡುತ್ತಿದ್ದೆ. ನನ್ನಿಂದಾಗುವ ಸೇವೆ ಅದೊಂದೇ.

ಉಪಾಯ ತಂದವಳು ನನ್ನ ಮಗಳು ಅನಘಾ. ಬಾಂದ್ರಾದಲ್ಲಿ ಕೆಲಸ, ಮನೆಗೆ ಬಂದರೆ ಕಂಪ್ಯೂಟರ್. ಬೆರಳುಗಳಿಗೆ ಏನಾದರೂ ಕೆಲಸ ಕೊಡಿ ಎಂದು ಫಿಸಿಯೋ ಹೇಳಿದ್ದನ್ನು ಅವಳು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಒಂದು ಭಾನುವಾರ ವಸಂತನ ಮುಂದೆ ಮೇಜೆಳೆದು ಕಂಪ್ಯೂಟರ್ ಇಟ್ಟು, "ಮಾಮಾ, ನೀವು ಹೀಲರ್ ಬನೋ ನಾ. ಪೀಛೆ ನಿಂತು ಸಬ್ಕೋ ಠೀಕ್ ಮಾಡೋದು, ಅಷ್ಟೆ," ಎಂದಳು. ಅವಳ ಕನ್ನಡ ದಾದರಿನಲ್ಲಿ ರೈಲು ಬದಲಾಯಿಸಿ ಬರುವಂಥದ್ದು.

ವಸಂತ ಪರದೆಯ ಕಡೆಗೊಮ್ಮೆ ನೋಡಿದ. "ನನ್ನನ್ನೇ ಠೀಕ್ ಮಾಡ್ಲಿಕ್ಕೆ ಜನ ಇಲ್ಲ, ನಾನು ಯಾರನ್ನು ಮಾಡುದು?" ಎಂದ. ಎಷ್ಟೋ ದಿನಗಳ ಮೇಲೆ ಬಂದ ಮೊದಲ ಉದ್ದದ ವಾಕ್ಯ. ಅನಘಾ ಅದನ್ನೇ ಒಪ್ಪಿಗೆ ಎಂದು ತಿಳಿದಳು.

ಯಾವ ಆಟ ಎಂಬ ಪ್ರಶ್ನೆ ಎದ್ದದ್ದು ಆಗ. ಒಂದು ಆಟವನ್ನು ಕಲಿಯಲು ತಿಂಗಳುಗಳು ಬೇಕು. ಎರಡು ಕಲಿಯುವಷ್ಟು ಕಾಲ ವಸಂತನ ಹತ್ತಿರ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆರಿಸಿದರೆ ಒಂದೇ ಸಲ, ಸರಿಯಾಗಿ ಆರಿಸಬೇಕು. ನಾನು ಅಧ್ಯಯನಕ್ಕೆ ಕೂತೆ. ಆಡುವವರು ಬರೆದ ಅಭಿಪ್ರಾಯಗಳನ್ನು ಓದಿದೆ. ಎರಡು ಹೋಟೆಲಿನ ಸಾಂಬಾರಿನ ಬಗ್ಗೆ ನಮ್ಮವರು ಜಗಳವಾಡುವ ಹಾಗೆಯೇ ಅವರೂ ಆಡುತ್ತಾರೆ. ಒಬ್ಬನಿಗೆ ಕಥೆ ಸಪ್ಪೆ, ಇನ್ನೊಬ್ಬನಿಗೆ ಡ್ರ್ಯಾಗನ್ನಿನ ಬಾಲ ಸರಿಯಿಲ್ಲ, ಮತ್ತೊಬ್ಬ ಮೊದಲಿನ ರುಚಿಯೇ ಈಗಿಲ್ಲ ಎನ್ನುತ್ತಾನೆ. ಆಟಕ್ಕೆ ಎಷ್ಟು ಬೆರಳು ಬೇಕು ಎಂದು ಒಬ್ಬ ಮಹಾನುಭಾವನೂ ಬರೆದಿರಲಿಲ್ಲ. ಬೆರಳು ಇರುವವರಿಗೆ ಅದೂ ಒಂದು ಅರ್ಹತೆ ಎಂದು ಯಾಕೆ ಹೊಳೆಯಬೇಕು? ನಾನೇ ಪಕ್ಕದಲ್ಲಿ ಕೂತು ಅನಘಾ ಆಡುವುದನ್ನು ನೋಡಿ ಎಣಿಸಬೇಕಾಯಿತು.

ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಆಟಗಳಲ್ಲಿರುವ ಸಾವು. ಎಲ್ಲದರಲ್ಲೂ ಸಾಯುತ್ತಾರೆ, ಧಾರಾಳವಾಗಿ ಸಾಯುತ್ತಾರೆ. ಬಿದ್ದ ಮೇಲೆ ಪರದೆ ಸ್ವಲ್ಪ ಬೂದುಬಣ್ಣಕ್ಕೆ ತಿರುಗುತ್ತದೆ, ಏಳುತ್ತೀಯಾ ಎಂದು ಒಂದು ಗುಂಡಿ ಕೇಳುತ್ತದೆ, ಒತ್ತಿದರೆ ಎದ್ದು ಮತ್ತೆ ಓಡುತ್ತಾರೆ. ಆತ್ಮಕ್ಕೆ ಸಾವಿಲ್ಲ ಎಂದು ಒಪ್ಪಿಸಲು ನಮ್ಮ ವೇದಾಂತಿಗಳು ಎಷ್ಟೆಲ್ಲ ಭಾಷ್ಯ ಬರೆದರು. ಇವರು ಒಂದು ಗುಂಡಿಯಲ್ಲಿ ಮುಗಿಸಿದ್ದಾರೆ. ವಸಂತ ಮೊದಲ ಸಲ ಆ ಗುಂಡಿಯನ್ನು ನೋಡಿದಾಗ ನಕ್ಕು, "ಇದೊಂದು ಒಳ್ಳೆ ವ್ಯವಸ್ಥೆ ಉಂಟು ಮಾರಾಯ್ರೆ," ಎಂದ. ನನಗೆ ನಗು ಬರಲಿಲ್ಲ.

ಕೊನೆಗೆ ಎರಡು ಆಟಗಳು ಉಳಿದವು. ಒಂದು ಡ್ರ್ಯಾಗನ್ನಿನದು. ಎರಡು ಕೈಯ ಬೆರಳುಗಳೂ ಒಂದಿಷ್ಟೂ ಬಿಡುವಿಲ್ಲದೆ ಕುಣಿಯಬೇಕು. ಇನ್ನೊಂದು ಹಳೆಯ ಕಾಲದ್ದು, ಚಿತ್ರವೆಲ್ಲ ಚೌಕಚೌಕ. ಅದರಲ್ಲಿ ಮರ ಕಡಿಯಬಹುದು, ಮೀನು ಹಿಡಿಯಬಹುದು, ಹಿಡಿದ ಮೀನನ್ನು ಬೇಯಿಸಬಹುದು. ಒಮ್ಮೆ ಒತ್ತಿದರೆ ಆಟದ ಮನುಷ್ಯ ತನ್ನ ಪಾಡಿಗೆ ತಾನು ಮರ ಕಡಿಯುತ್ತಾ ಇರುತ್ತಾನೆ. ಒಂದೇ ಬೆರಳು ಸಾಕು.

ಡ್ರ್ಯಾಗನ್ ಆಟದ ಪರೀಕ್ಷೆಯ ದಿನವನ್ನು ಹೇಳಲೇಬೇಕು. ಅನಘಾ ಪಕ್ಕದಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ, ವಸಂತ ಕಂಪ್ಯೂಟರಿನಲ್ಲಿ. ಜೊತೆಗೆ ಎಲ್ಲಿಯವರೋ ಮೂವರು. ಪರದೆಯ ಒಂದು ಬದಿಯಲ್ಲಿ ಐವರ ಹೆಸರುಗಳು ಸಾಲಾಗಿ ಇರುತ್ತವೆ. ಪ್ರತಿ ಹೆಸರಿನ ಮುಂದೆ ಒಂದು ಹಸಿರು ಪಟ್ಟಿ. ಗಾಯವಾದಂತೆ ಪಟ್ಟಿ ಸಣ್ಣದಾಗುತ್ತದೆ, ಹೀಲರ್ ಅದನ್ನು ತುಂಬಬೇಕು. ವಸಂತನ ಕಣ್ಣಿಗೆ ಅದು ಹೇಗೆ ಕಂಡಿರಬೇಕು ಹೇಳಿ! ಸಾಲಾಗಿ ಹಸಿರು, ಮುಂದೆ ಕಾದು ಕೂತ ಜನ. ಊಟದ ಪಂಕ್ತಿಯಲ್ಲದೆ ಇನ್ನೇನು? ಅವನು ಮೇಲಿನಿಂದ ಶುರುಮಾಡಿ ಒಬ್ಬೊಬ್ಬರಿಗೂ ಬಡಿಸುತ್ತಾ ಬಂದ. ಗೀರೂ ಆಗದವನಿಗೂ ಒಂದು ಸಲ, ತನಗೇ ಒಂದು ಸಲ, ಪಂಕ್ತಿಭೇದ ಇಲ್ಲ. ಏಟು ತಿನ್ನುತ್ತಿದ್ದ ಟ್ಯಾಂಕಿನ ಹೆಸರು ದುರದೃಷ್ಟಕ್ಕೆ ಕೊನೆಯಲ್ಲಿತ್ತು. ಸೌಟು ಅಲ್ಲಿಗೆ ತಲುಪುವಷ್ಟರಲ್ಲಿ ಡ್ರ್ಯಾಗನ್ ಅವನನ್ನು ಮುಗಿಸಿ, ಉಳಿದವರ ಮೇಲೂ ಬೆಂಕಿ ಉಗುಳಿತ್ತು.

ನಿದ್ದೆ ಹೋಗಿದ್ದಿರಾ ಎಂದು ಸ್ಪೀಕರಿನಲ್ಲಿ ಸತ್ತವನ ಧ್ವನಿ ಬಂತು. "ಹೀಲರ್ ಭಾಯ್, ಸೋ ಗಯೇ ಥೇ ಕ್ಯಾ?"

"ಅರೇ ಭಾಯ್, ನಂಬರ್ ಸೇ ಆ ರಹಾ ಥಾ," ಎಂದ ವಸಂತ, ಸರದಿಯಂತೆ ಬರುತ್ತಿದ್ದೇನೆ ಎಂದು ಗಿರಾಕಿಗೆ ಹೇಳುವ ಅದೇ ದನಿಯಲ್ಲಿ. ಆಮೇಲೆ ತನ್ನ ಮಾತು ತನಗೇ ಕೇಳಿಸಿ ನಗಲು ಶುರುಮಾಡಿದ. ಅನಘಾ ನೆಲದ ಮೇಲೆ ಉರುಳಿ ನಕ್ಕಳು. ಸುಮತಿ ಏನಾಯಿತೋ ಎಂದು ಓಡಿ ಬಂದಳು. ಆ ನಗು ನಿಂತ ಮೇಲೆ ನೋಡಿದರೆ ಅವನ ಎಡಗೈ ಕೀಬೋರ್ಡಿನಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು, ಎತ್ತಲು ಆಗುತ್ತಿರಲಿಲ್ಲ. ಮರುದಿನವಿಡೀ ಬಟ್ಟೆಯ ಗಂಟಿನಂತೆ ಹಾಗೆಯೇ ಬಿದ್ದುಕೊಂಡಿತ್ತು.

ನನಗೆ ಅಷ್ಟು ಸಾಕಾಯಿತು. ಮುಂದಿನ ಭಾನುವಾರ ತೀರ್ಪು ಓದಿದೆ. ಹಳೆಯ ಆಟವೇ ಸರಿ. ಒಂದು ಬೆರಳು ಇರುವವರೆಗೂ ಆಡಬಹುದು. ಅದೂ ಹೋದರೆ, ಕಣ್ಣಿನ ನೋಟದಿಂದಲೇ ಗುಂಡಿ ಒತ್ತುವ ಯಂತ್ರ ಬಂದಿದೆಯಂತೆ, ಅದನ್ನು ಜೋಡಿಸಬಹುದು. ಕೊನೆಯವರೆಗೂ ಕೈಬಿಡದ ಆಟ ಇದೊಂದೇ ಎಂದೆ. "ಇದೇ ಇರ್ಲಿ ವಸಂತ, ಮೈಗೆ ಆಯಾಸ ಇಲ್ಲ," ಎಂದು ಸುಮತಿ ದನಿಗೂಡಿಸಿದಳು. ನನ್ನ ಬಗ್ಗೆ ನನಗೇ ಒಂದು ಮೆಚ್ಚುಗೆ ಮೂಡಿದ್ದು ಸುಳ್ಳಲ್ಲ. ವಿಮಾ ಕಚೇರಿಯಲ್ಲಿ ತಲೆ ನರೆತದ್ದು ವ್ಯರ್ಥವಾಗಲಿಲ್ಲ ಎನಿಸಿತು.

ವಸಂತ ಎಲ್ಲ ಕೇಳಿಸಿಕೊಂಡ. "ಭಾವ, ನೀವು ನೋಡಿದ್ದೆಲ್ಲ ಸರಿಯೇ ಉಂಟು. ಆದ್ರೆ ನೀವು ನೋಡಿದ್ದು ಬರುವ ವರ್ಷದ ವಸಂತನಿಗೆ. ಇವತ್ತು ಇಲ್ಲಿ ಕೂತವನನ್ನು ಯಾರೂ ಕೇಳ್ಲಿಲ್ಲ."

"ಕೈಗೆ ಕಷ್ಟ ಆಗ್ತದಲ್ಲ ಮಾರಾಯ," ಎಂದೆ.

"ಕೈ ಉಂಟಲ್ಲ, ಅದಕ್ಕೇ ಕಷ್ಟ ಆಗುದು. ಕೈ ಇರುವಾಗ ಕೈ ಬೇಕಾದ ಆಟ ಆಡುವ. ನಿಮ್ಮ ಒಂದು ಬೆರಳಿನ ಆಟ ಎಲ್ಲಿಗೂ ಓಡಿಹೋಗುದಿಲ್ಲ. ನಾನೇ ಅದರ ಹತ್ರ ಹೋಗ್ತಾ ಇದ್ದೇನಲ್ಲ."

ಸುಮತಿ ಎದ್ದು ಒಳಗೆ ಹೋಗಿ ನಳ್ಳಿ ತಿರುಗಿಸಿದಳು. ತೊಳೆಯಲಿಕ್ಕೆ ಒಂದು ಪಾತ್ರೆಯೂ ಇರಲಿಲ್ಲ.

ನನಗೆ ಸಿಟ್ಟು ಬಂತು. ಇಷ್ಟು ಓದಿ, ಇಷ್ಟು ಎಣಿಸಿ, ಒಳ್ಳೆಯದನ್ನು ಹೇಳಿದರೆ ಹೀಗೆ. ಆದರೆ ಯೋಚಿಸಿ ನೋಡಿ, ನಾವು ಏನನ್ನು ಆರಿಸಿದರೂ ಇನ್ನೂ ಹುಟ್ಟದ ಯಾರೋ ಒಬ್ಬನಿಗಾಗಿ ಆರಿಸುತ್ತೇವೆ. ಲಿಫ್ಟ್ ಇರುವ ಕಟ್ಟಡ ಮಂಡಿ ನೋಯುವವನಿಗಾಗಿ, ಒಳ್ಳೆಯ ಅಂಗಿ ಬರಲಿರುವ ಮದುವೆಗಾಗಿ. ನಾನು ಹೊಟ್ಟೆ ಹೊರೆದದ್ದೇ ಜನರ ನಾಳೆಯನ್ನು ಅಳೆದು. ಆ ನಾಳೆಯವನು ಸುಖವಾಗಿರಲೆಂದು ಇವತ್ತಿನವನು ಲೋಕಲ್ಲಿನ ಬಾಗಿಲಲ್ಲಿ ನೇತಾಡುತ್ತಾನೆ. ವಸಂತನಿಗೆ ಆ ಅನುಕೂಲ ಇರಲಿಲ್ಲ. ಅವನ ನಾಳೆಯವನನ್ನು ಡಾಕ್ಟರು ಆಗಲೇ ಪರಿಚಯ ಮಾಡಿಸಿದ್ದರು, ಆ ಮನುಷ್ಯನಿಗಾಗಿ ಇವತ್ತನ್ನು ಉಳಿಸಿಡಲು ಅವನಿಗೆ ಮನಸ್ಸಿರಲಿಲ್ಲ.

ಡ್ರ್ಯಾಗನ್ ಆಟವೇ ನಿಶ್ಚಯವಾಯಿತು. ದಿನಾ ಸಂಜೆ ಅನಘಾ ಬಾಂದ್ರಾದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಚ್ಚುತ್ತಿದ್ದಳು. ನಾನೂ ಒಂದು ದಪ್ಪ ಸೈನಿಕನ ವೇಷದಲ್ಲಿ ಸೇರಿಕೊಂಡೆ, ಹೆಚ್ಚಾಗಿ ಗೋಡೆಗೆ ಮುಖಮಾಡಿ ಕತ್ತಿ ಬೀಸಿದೆ. ವಸಂತನ ಒಂದು ಬೆರಳು ಹೋದಾಗ ಅದರ ಕೆಲಸವನ್ನು ಅನಘಾ ಪಕ್ಕದ ಬೆರಳಿಗೆ ವಹಿಸುತ್ತಿದ್ದಳು. ಹೋಟೆಲಿನಲ್ಲಿ ಆಳು ರಜೆ ಹಾಕಿದಾಗ ಮಾಡುವ ವ್ಯವಸ್ಥೆ. ಕೈ ಕೆಡುತ್ತಾ ಹೋಯಿತು, ಆಟ ಪಳಗುತ್ತಾ ಹೋಯಿತು. ಯಾರಿಗೆ ಮೊದಲು ಏಟು ಬೀಳುತ್ತದೆ ಎಂದು ಬೀಳುವ ಮೊದಲೇ ಅವನಿಗೆ ತಿಳಿಯುತ್ತಿತ್ತು. ಗುರುತು ಪರಿಚಯ ಇಲ್ಲದ ಊರಿನವರು ಅವನನ್ನು ಹೆಸರು ಹಿಡಿದು ತಂಡಕ್ಕೆ ಕರೆಯುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು ತುತ್ತು ಕೊಟ್ಟರೆ ಪರದೆಯಿಂದ ಕಣ್ಣು ತೆಗೆಯದೆ ಬಾಯಿ ತೆರೆಯುತ್ತಿದ್ದ. ಡ್ರ್ಯಾಗನ್ನಿಂದ ನಮಗಾದ ಉಪಕಾರ ಇದು.

ಕಳೆದ ಭಾನುವಾರ ಸಂಜೆ ಅವನು ಕೈಯನ್ನು ಕೀಬೋರ್ಡಿನ ಮೇಲೆ ಇಡಲು ನೋಡಿದ. ಅದು ಜಾರಿತು. ಮತ್ತೆ ನೋಡಿದ, ಮತ್ತೆ ಜಾರಿತು. ಈಗ ಮಾತೂ ಸ್ವಲ್ಪ ತೊದಲುತ್ತದೆ. "ಭಾವ," ಎಂದ, "ನಾಳೆಯಿಂದ ನಿಮ್ಮ ಆಟ ಹಾಕಿ."

ನನ್ನ ತೀರ್ಪು ಗೆದ್ದಿತ್ತು. ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸಿತು. ಸುಮತಿ ಸೆರಗಿನ ತುದಿ ಹಿಡಿದು ಬಾಗಿಲಲ್ಲೇ ನಿಂತಳು.

ಅನಘಾ ಮಾತ್ರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ನಾಳೆ ಸೇ ನಾ, ಮಾಮಾ? ಆಜ್ ತೋ ಇನ್ನೂ ಬಾಕಿ ಇದೆ," ಎಂದಳು.

ವಸಂತ ಯೋಚಿಸಿದ. "ಹೌದಲ್ಲ," ಎಂದ.

ಅವಳು ಡ್ರ್ಯಾಗನ್ ಆಟ ತೆರೆದಳು. ನಾನು ಅವನ ಕೈಯನ್ನೆತ್ತಿ ಕೀಲಿಗಳ ಮೇಲಿಟ್ಟು, ಜಾರದಂತೆ ಮಣಿಕಟ್ಟಿನ ಕೆಳಗೆ ನನ್ನ ಅಂಗೈ ಕೊಟ್ಟು ಕೂತೆ. ಉಳಿದ ಎರಡು ಬೆರಳುಗಳು ಮೆಲ್ಲಗೆ ಅಲುಗಾಡಿದವು. ಇಡೀ ಆಯುಷ್ಯ ನಾಳೆಯ ದಾರಿ ಕಾದವನು ನಾನು. ಅದು ಸ್ವಲ್ಪ ತಡವಾಗಿ ಬಂದರೂ ಏನೂ ತೊಂದರೆ ಇಲ್ಲ ಎಂದು ನನಗೆ ಮೊದಲ ಸಲ ಅನಿಸಿದ್ದು ಆ ಸಂಜೆ.