ಪಕ್ಷಮಾಸದಲ್ಲಿ ಕೊಂಡ ಹಳೆಯ ಟೈರು

ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ನಾನೂ ಅಮ್ಮನೂ ಇಳಿದಾಗ ಬೆಳಿಗ್ಗೆ ಹತ್ತು ಗಂಟೆ. ರೈಲು ಐದು ತಾಸು ತಡ. ಅಂದು ಮಹಾಲಯ ಪಕ್ಷದ ದಶಮಿ. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಅವರ ತಿಥಿ ತ್ರಯೋದಶಿ. ಆ ದಿನ ಗಯೆಯಲ್ಲಿ ಪಿಂಡ ಹಾಕಬೇಕೆಂಬುದು ಅಮ್ಮನ ಹಟ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲೇ ಕಳೆದವನು ನಾನು. ದಾವಣಗೆರೆಯಿಂದ ಹೊರಡುವ ಮುಂಚೆ ಅಮ್ಮನೊಡನೆ ಮೂರು ದಿನ ವಾದ ಮಾಡಿದ್ದೆ. ಅವಳು ಎಲ್ಲವನ್ನೂ ಕೇಳಿ, "ಆಯ್ತಪ್ಪ, ನೀನೇ ಗೆದ್ದೆ. ಟಿಕೆಟ್ ಯಾವಾಗ ಮಾಡಿಸ್ತೀಯ?" ಅಂದಿದ್ದಳು.

ಆಟೋದವನು ಇನ್ನೂರೈವತ್ತು ಕೇಳಿ ಇನ್ನೂರಕ್ಕೆ ಸೋನಾರಪುರದ ರಸ್ತೆಯಲ್ಲಿ ಇಳಿಸಿದ. ಅಲ್ಲಿಂದ ಕೇದಾರ ಘಾಟಿಗೆ ಗಲ್ಲಿಗಳಲ್ಲಿ ನಡಿಗೆ. ಗಂಗೆ ಏರಿ ಇಳಿದ ಹೊಸದು. ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ ಕೆಸರು ನಿಂತಿತ್ತು. ಪಂಪಿನ ನೀರು ಹಾಯಿಸಿ ಅದನ್ನು ಮತ್ತೆ ನದಿಗೇ ತಳ್ಳುತ್ತಿದ್ದರು. ನಾವು ಇಳಿದುಕೊಂಡದ್ದು ಕೇಶವ ಭಟ್ಟರ ಮನೆಯಲ್ಲಿ. ಅವರ ಮುತ್ತಜ್ಜನ ಕಾಲದಿಂದ ಕರ್ನಾಟಕದ ಯಾತ್ರಿಕರಿಗೆ ಪೌರೋಹಿತ್ಯ ಮಾಡಿಸುವ ಮನೆತನ. ಮಹಡಿಯ ಮೇಲೆ ಯಾತ್ರಿಕರಿಗೆಂದು ಎರಡು ಕೋಣೆ. ಊಟಕ್ಕೆ ಅನ್ನ, ಸಾರು, ಪರವಲ್ ಪಲ್ಯ. ಮೊಮ್ಮಕ್ಕಳು ಅಜ್ಜನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು.

ಭಟ್ಟರ ಹಿರಿಯ ಮಗ ವಿಶ್ವನಾಥನಿಗೆ ಮೂವತ್ತೈದರ ಆಸುಪಾಸು. ಅಪ್ಪ ಮಂತ್ರ ಹೇಳಿದರೆ ಮಗ ಗಾಡಿ ಓಡಿಸುತ್ತಾನೆ. ಪ್ರಯಾಗಕ್ಕೆ, ಗಯೆಗೆ ಯಾತ್ರಿಕರನ್ನು ಕರೆದೊಯ್ಯುವುದು ಅವನ ಕೆಲಸ. ಗಯೆಗೆ ಹೋಗಿಬರಲು ಟೋಲ್ ಸೇರಿ ಎಂಟು ಸಾವಿರ ಅಂದ. ಒಪ್ಪಿದೆ. ಸಂಜೆ ಸೋನಾರಪುರದಲ್ಲಿ ನಿಲ್ಲಿಸಿದ್ದ ಗಾಡಿ ತೋರಿಸಲು ಕರೆದುಕೊಂಡು ಹೋದ. ನಾನು ಗಾಡಿಗಿಂತ ಮೊದಲು ಟೈರು ನೋಡಿದೆ. ಮುಂದಿನ ಎರಡು ಪರವಾಗಿಲ್ಲ. ಹಿಂದಿನ ಎರಡೂ ಬೋಳು. ಟೈರಿನ ಗೀರುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಬದಲಿಸಬೇಕು, ಚರ್ಚೆಯಿಲ್ಲ. ಇಲ್ಲಿ ದಿಬ್ಬವೂ ಸವೆಯಲು ತೊಡಗಿತ್ತು.

"ವಿಶ್ವಣ್ಣ, ಇದರಲ್ಲಿ ನಮ್ಮಮ್ಮನನ್ನ ಕೂರಿಸ್ಕೊಂಡು ಇನ್ನೂರೈವತ್ತು ಕಿಲೋಮೀಟರ್ ಹೋಗ್ತೀರಾ?"

"ಗೊತ್ತಿದೆ ಭಯ್ಯಾ, ಸವೆದು ಘಿಸ್ ಹೋಗಿದೆ. ನವರಾತ್ರಿ ಪಾಡ್ಯಕ್ಕೆ ಹೊಸದು ಹಾಕಿಸ್ತೇನೆ. ಅಂಗಡಿಯವನಿಗೆ ಹೇಳಿಟ್ಟಿದ್ದೇನೆ."

"ಪಾಡ್ಯಕ್ಕೆ ಇನ್ನೂ ಆರು ದಿನ. ನಾವು ಹೊರಡೋದು ನಾಡಿದ್ದು."

"ಪಕ್ಷದಲ್ಲಿ ಹೊಸದು ತರೋದುಂಟಾ?" ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಅರವತ್ತರ ಮೇಲೆ ಓಡಿಸೋದಿಲ್ಲ. ಮಳೆ ಬಂದ್ರೆ ಬದಿಗೆ ನಿಲ್ಲಿಸಿಬಿಡ್ತೇನೆ. ಈ ಪಕ್ಷದಲ್ಲೇ ಎರಡು ಸಲ ಗಯೆಗೆ ಹೀಗೇ ಹೋಗಿಬಂದೆ."

ಈ ಹದಿನೈದು ದಿನಗಳಲ್ಲಿ ಅವನ ಗಾಡಿ ಓಡುವಷ್ಟು ವರ್ಷದಲ್ಲಿ ಬೇರೆಂದೂ ಓಡುವುದಿಲ್ಲ. ಅದೇ ಹದಿನೈದು ದಿನ ಹೊಸದೇನನ್ನೂ ಮನೆಗೆ ತರುವಂತಿಲ್ಲ. ಟೈರಿಗೆ ಅತಿ ಹೆಚ್ಚು ಕೆಲಸವಿದ್ದಾಗಲೇ ಟೈರು ಕೊಳ್ಳಬಾರದೆಂಬ ಶಾಸ್ತ್ರ. ಇದಕ್ಕಿಂತ ಸುಲಭವಾಗಿ ಒಡೆಯಬಹುದಾದ ವಾದ ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ.

ಮರುದಿನ ಏಕಾದಶಿ. ಬೆಳಿಗ್ಗೆ ಭಟ್ಟರು ಜಗಲಿಯಲ್ಲಿ ಕೂತು ದರ್ಭೆ ಹಸನು ಮಾಡುತ್ತಿದ್ದರು. ಅಲ್ಲೇ ಶುರು ಮಾಡಿದೆ.

"ಭಟ್ಟರೇ, ಪಕ್ಷದಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸ್ತೀರಲ್ಲ, ಅದು ಹೊಸದಲ್ಲವೇ?"

"ಅದು ಊಟ. ಪಕ್ಷ ಅಂತ ನೀನು ಊಟ ಬಿಡ್ತೀಯಾ?"

"ದೀಪದ ಬಲ್ಬು ಹೋದರೆ?"

"ಅದು ಔಷಧಿ."

"ಹಾಗಾದರೆ ಟೈರು?"

"ಟೈರು ಚಪ್ಪಲಿ," ಅಂದರು ಭಟ್ಟರು, ತಲೆ ಎತ್ತದೆ. "ಪಕ್ಷದಲ್ಲಿ ಹೊಸ ಚಪ್ಪಲಿ ಯಾವನೂ ತಗೊಳ್ಳೋದಿಲ್ಲ."

ಬಾಗಿಲಲ್ಲಿ ನಿಂತಿದ್ದ ವಿಶ್ವಣ್ಣ ಗಹಗಹಿಸಿ ನಕ್ಕ. ಅಮ್ಮ ಮೆಲ್ಲಗೆ, "ಸಾಕು ಬಿಡೋ. ಗಯೆಗೆ ರೈಲಿದೆಯಂತೆ. ರೈಲಲ್ಲೇ ಹೋದರಾಯ್ತು," ಅಂದಳು.

ಓದುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ರೈಲಿತ್ತು. ನಾನು ಹೂಂ ಅಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ನಗೆಪಾಟಲಾದ ಮೇಲೆ ವೇದಿಕೆಯಿಂದ ಇಳಿಯುವ ಅಭ್ಯಾಸ ನನಗಿಲ್ಲ. ಎದುರಾಳಿಯ ನಂಬಿಕೆಯನ್ನು ಒಡೆಯಲು ಆಗದಿದ್ದರೆ ಅದನ್ನೇ ಒಪ್ಪಿಕೊಂಡು, ಅದರ ಒಳಗಿನಿಂದಲೇ ದಾರಿ ಮಾಡಿಕೊಳ್ಳಬೇಕೆಂದು ನಮಗೆ ಕಲಿಸಿದ್ದರು.

"ಸರಿ, ಚಪ್ಪಲಿಯೇ ಅನ್ನಿ. ಬೇರೆಯವರು ಮೆಟ್ಟಿ ಬಿಟ್ಟ ಚಪ್ಪಲಿಯಾದರೆ?"

ಭಟ್ಟರ ಕೈ ನಿಂತಿತು. ತುಸು ಯೋಚಿಸಿದರು. "ಹಳೆಯದು ನಮ್ಮ ಮನೆಗೆ ಬಂದ ಮಾತ್ರಕ್ಕೆ ಹೊಸದಾಗೋದಿಲ್ಲ. ಅದಕ್ಕೆ ದೋಷವಿಲ್ಲ."

"ಅಂದರೆ ಸೆಕೆಂಡ್ ಹ್ಯಾಂಡ್ ಟೈರಿಗೆ ದೋಷವಿಲ್ಲ."

"ವಕೀಲ್ ಸಾಹೇಬರು ಗೆದ್ದುಬಿಟ್ಟರು!" ಅಂದ ವಿಶ್ವಣ್ಣ. ಭಟ್ಟರೂ ನಕ್ಕರು. ನನಗೆ ಚರ್ಚಾಸ್ಪರ್ಧೆಯ ಕಪ್ ಗೆದ್ದಷ್ಟೇ ಖುಷಿಯಾಯಿತು.

ಮಧ್ಯಾಹ್ನ ಸೇತುವೆ ದಾಟಿ ರಾಮನಗರದ ಕಡೆಗೆ ಹೋದೆವು. ಅಲ್ಲಿ ರಸ್ತೆ ಬದಿಯಲ್ಲಿ ಹಳೆ ಟೈರಿನ ಅಂಗಡಿಯೊಂದಿತ್ತು. ಅಂಗಡಿಯವನು ನಮ್ಮ ಅಳತೆಯ ಎರಡು ಟೈರು ಉರುಳಿಸಿ ತಂದ. ಕರಿ ಪಾಲಿಶ್ ಹಚ್ಚಿ ಮಿರಿಮಿರಿ ಮಿಂಚುತ್ತಿದ್ದವು. ಯಾರೋ ಡಾಕ್ಟರ ಕಾರಿನವಂತೆ, ಓಡಿದ್ದೇ ಕಡಿಮೆಯಂತೆ, ಕಾರು ವರ್ಷಗಟ್ಟಲೆ ಮನೆಯಲ್ಲೇ ನಿಂತಿತ್ತಂತೆ. ನಾನು ಒಂದು ರೂಪಾಯಿ ನಾಣ್ಯ ತೆಗೆದು ಗೀರಿನೊಳಗೆ ನಿಲ್ಲಿಸಿ ನೋಡಿದೆ. ಆಳವಾಗಿ ಇಳಿಯಿತು. ಎಂಟು ಕಡೆ ಇಟ್ಟು ನೋಡಿದೆ. ಎಲ್ಲ ಕಡೆಯೂ ಇಳಿಯಿತು.

ವಿಶ್ವಣ್ಣ ಹೆಬ್ಬೆರಳಿನಿಂದ ಒತ್ತಿದ. "ರಬ್ಬರ್ ಯಾಕೋ ಗಟ್ಟಿಯಿದೆ, ಭಯ್ಯಾ."

"ಗಟ್ಟಿಯಿದ್ದರೆ ಒಳ್ಳೇದೇ ಅಲ್ವಾ? ಬೇಗ ಸವೆಯೋದಿಲ್ಲ."

ಅವನು ಗಾಡಿ ಓಡಿಸಲು ತೊಡಗಿ ಹದಿನೈದು ವರ್ಷವಾಗಿತ್ತು. ನಾನು ಟೈರಿನ ಬಗ್ಗೆ ಓದಲು ತೊಡಗಿ ಹದಿನೈದು ತಾಸು. ಅವನು ಇನ್ನೊಮ್ಮೆ ಒತ್ತಿದ, ಏನೋ ಹೇಳಲು ಹೊರಟ, ನನ್ನ ಮುಖ ನೋಡಿ ಹಿಂದಿನ ಚಕ್ರಗಳನ್ನು ಬಿಚ್ಚಿಸಲು ಹೋದ. ಬೋಳು ಟೈರುಗಳನ್ನು ಅಂಗಡಿಯವನಿಗೇ ಕೊಟ್ಟು ಬಂದೆವು.

ದ್ವಾದಶಿಯ ದಿನ ಬೆಳಕು ಹರಿದ ಮೇಲೆ ಹೊರಟೆವು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಏಳು ಗಂಟೆಗೇ ಅಂಗಿ ಬೆನ್ನಿಗೆ ಅಂಟುವಷ್ಟು ಸೆಕೆ. ಚಂದೌಲಿಯಲ್ಲಿ ನಿಲ್ಲಿಸಿದೆವು. ನಾನೂ ವಿಶ್ವಣ್ಣನೂ ಪೂರಿ, ಆಲೂಗಡ್ಡೆ ಪಲ್ಯ, ಬಿಸಿ ಜಿಲೇಬಿ ತಿಂದೆವು. ಅಮ್ಮ ಮನೆಯಿಂದ ತಂದಿದ್ದ ಅವಲಕ್ಕಿ ತಿಂದಳು. ಮುಂದೆ ಬಿಹಾರದ ಗಡಿಯಲ್ಲಿ ಕರ್ಮನಾಶಾ ನದಿ. ಅದರ ನೀರು ಮುಟ್ಟಿದರೆ ಮಾಡಿದ ಪುಣ್ಯವೆಲ್ಲ ತೊಳೆದು ಹೋಗುತ್ತದೆಂದು ವಿಶ್ವಣ್ಣ ಹೇಳಿದ.

"ಟೈರಿಗೆ ನೀರು ತಾಗಿದರೆ?" ಅಂದೆ.

"ಡಾಕ್ಟರ ಪುಣ್ಯ ಹೋಗ್ತದೆ, ನಮ್ಮದಲ್ಲ!"

ಅಮ್ಮನೂ ನಕ್ಕಳು. ಬೋಳು ಟೈರಿದ್ದಾಗ ಅರವತ್ತು ದಾಟುವುದಿಲ್ಲ ಅಂದವನು ಈಗ ತೊಂಬತ್ತರಲ್ಲಿದ್ದ. ನಾನು ವೇಗದ ಮುಳ್ಳನ್ನು ನೋಡಿ ಸೀಟಿಗೆ ಒರಗಿದೆ. ಟೈರು ಒಳ್ಳೆಯದಿತ್ತಲ್ಲ.

ಮೊಹನಿಯಾ ಇನ್ನು ಐದಾರು ಕಿಲೋಮೀಟರ್ ಇರುವಾಗ ಹಿಂದಿನ ಎಡ ಟೈರು ಒಡೆಯಿತು. ಗಾಡಿಯ ಹಿಂಭಾಗ ಯಾರೋ ಎಳೆದಂತೆ ಪಕ್ಕಕ್ಕೆ ಹೋಯಿತು. ಎಡಕ್ಕೆ ನೀರು ತುಂಬಿದ ಹಳ್ಳ, ಬಲಕ್ಕೆ ಸಿಮೆಂಟಿನ ಡಿವೈಡರ್. ವಿಶ್ವಣ್ಣ ಸ್ಟೀರಿಂಗನ್ನು ಬಲಕ್ಕೆ, ತನ್ನ ಕಡೆಗೇ ತಿರುಗಿಸಿದ. ಅವನ ಬದಿಯ ಬಾಗಿಲು ಡಿವೈಡರಿಗೆ ಉಜ್ಜುತ್ತ ಹೋಗಿ ನಿಂತಿತು. ಅಮ್ಮನ ಹಣೆ ಊದಿತ್ತು. ನನಗೆ ಒಂದು ಗೀರೂ ಆಗಿರಲಿಲ್ಲ. ಅವನ ಬಲಗೈ ಮಾತ್ರ ಬಾಗಿಲಿಗೂ ಸೀಟಿಗೂ ನಡುವೆ, ಕೈ ಬಾಗಬಾರದ ಕಡೆ ಬಾಗಿತ್ತು.

"ಅಮ್ಮಾ, ನೀವು ಸರಿ ಇದ್ದೀರಾ?" ಎಂಬುದು ಅವನ ಮೊದಲ ಮಾತು.

ಢಾಬಾದವರು ಓಡಿಬಂದು ಗಾಡಿಯನ್ನು ಡಿವೈಡರಿನಿಂದ ಸರಿಸಿ, ಬಾಗಿಲು ಕಿತ್ತು ಅವನನ್ನು ಇಳಿಸಿದರು. ಆಂಬುಲೆನ್ಸ್ ಬರುವ ಮೊದಲು ಬಂದದ್ದು ಮೊಹನಿಯಾದ ಮೆಕ್ಯಾನಿಕ್. ಒಡೆದ ಟೈರನ್ನು ನೋಡಿ ಉಗುಳಿದ. ಒದ್ದೆ ಬಟ್ಟೆಯಿಂದ ಅದರ ಪಕ್ಕೆಯನ್ನು ಒರೆಸಿದ. ಪಾಲಿಶ್ ಹೋದ ಕಡೆ ಕೂದಲೆಳೆಯಂಥ ಬಿರುಕುಗಳು, ಸುತ್ತಲೂ. ಆಮೇಲೆ ಪಕ್ಕೆಯ ಮೇಲಿನ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಹನ್ನೊಂದು ವರ್ಷದ ಟೈರು. ರಬ್ಬರ್ ಓಡಿದರೆ ಸವೆಯುತ್ತದೆ, ನಿಂತರೆ ಒಣಗುತ್ತದೆ ಅಂದ. ಒಣಗಿದರೆ ಗಟ್ಟಿಯಾಗುತ್ತದೆ. ನಾಣ್ಯ ಇಟ್ಟು ಆಳ ನೋಡಿದ್ದೆನೆಂದು ನಾನು ಹಿಂದಿಯಲ್ಲಿ ತೊದಲಿದೆ. "ನಾಣ್ಯಕ್ಕೆ ವಯಸ್ಸು ಗೊತ್ತಾಗುತ್ತದೆಯೇ, ಬಾಬು?" ಅಂದ.

ಅದೇ ಆಂಬುಲೆನ್ಸಿನಲ್ಲಿ ಕಾಶಿಗೆ ಹಿಂದಿರುಗಿದೆವು. ಸಂಜೆ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಮೊಣಕೈ ಚೂರಾಗಿದೆ, ರಾಡ್ ಹಾಕಬೇಕು, ಕೈ ಮೊದಲಿನಂತೆ ಮಡಚಲು ಬರುವುದು ಅನುಮಾನ ಅಂದರು. ವಿಶ್ವಣ್ಣನ ಹೆಂಡತಿ, "ಗಾಡಿ ಓಡಿಸೋದು?" ಎಂದು ಕೇಳಿದಳು. ಡಾಕ್ಟರು ಎಕ್ಸ್‌ರೇಯನ್ನು ಮತ್ತೆ ಕವರಿಗೆ ಹಾಕಿದರು.

ತ್ರಯೋದಶಿಯ ದಿನ ಗಯೆ ಇಲ್ಲ. ಕೇದಾರ ಘಾಟಿನ ತೊಳೆದ ಮೆಟ್ಟಿಲೊಂದರ ಮೇಲೆ ಕೂತು ಅಪ್ಪನಿಗೆ ಪಿಂಡ ಹಾಕಿದೆ. ಮಾಡಿಸಿದವರು ಭಟ್ಟರೇ. ಮಗನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದರು. ಮಂತ್ರದಲ್ಲಿ ಒಂದು ಅಕ್ಷರ ತಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ತಡೆಯಲಾಗದೆ, "ಭಟ್ಟರೇ, ತಪ್ಪು ನನ್ನದು. ಹಳೆ ಟೈರು ಹಾಕಿಸಿದವನು ನಾನು," ಅಂದೆ.

"ತಪ್ಪು ಎಲ್ಲಿ ಬಂತು, ಮಗೂ? ಹೊಸದು ತಂದಿದ್ದರೆ ದೋಷ. ನಾವು ಹಳೆಯದೇ ತಂದಿದ್ದೆವಲ್ಲ." ಅವರ ಕಣ್ಣು ನದಿಯ ಮೇಲಿತ್ತು. "ಅವನ ಹಣೆಬರಹ."

ನಾನು ಟೈರಿನ ವಯಸ್ಸು ಹೇಳಿದೆ, ಅಂಕಿ ಹೇಳಿದೆ, ವಿಶ್ವಣ್ಣನಿಗೆ ಅನುಮಾನ ಬಂದದ್ದನ್ನೂ ನಾನು ಅವನ ಬಾಯಿ ಮುಚ್ಚಿಸಿದ್ದನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ ನನ್ನ ತಲೆ ಸವರಿದರು. ಬದುಕಿನಲ್ಲಿ ನಾನು ಗೆಲ್ಲಲೇಬೇಕಾಗಿದ್ದ ಒಂದು ವಾದ ಅದು. ಒಂದು ಅಂಗುಲವೂ ಮುಂದೆ ಹೋಗಲಿಲ್ಲ.

ಚತುರ್ದಶಿಯ ಬೆಳಿಗ್ಗೆ ಸ್ಟೇಷನ್ನಿಗೆ ಹೊರಟು ಸೋನಾರಪುರಕ್ಕೆ ಬಂದಾಗ, ಮೊಹನಿಯಾದಿಂದ ತಂದಿದ್ದ ಅದೇ ಗಾಡಿ ನಿಂತಿತ್ತು. ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ವಿಶ್ವಣ್ಣನ ತಮ್ಮ ಗಣಪತಿ ಡಿಕ್ಕಿಗೆ ಚೀಲ ತುಂಬುತ್ತಿದ್ದ. ಹಾಸನದ ಕಡೆಯ ವಯಸ್ಸಾದ ದಂಪತಿ ಅಮಾವಾಸ್ಯೆಗೆ ಗಯೆ ಮುಟ್ಟಬೇಕಿತ್ತು. ಹಿಂದಿನ ಎಡ ಚಕ್ರಕ್ಕೆ ಸ್ಟೆಪ್ನಿ. ಬಲ ಚಕ್ರಕ್ಕೆ ಅದೇ ಟೈರು, ಒಡೆದದ್ದರ ಜೋಡಿ.

"ಗಣಪತಿ, ಇದನ್ನ ತೆಗೀರಿ. ಇದೂ ಹನ್ನೊಂದು ವರ್ಷದ್ದೇ."

"ಪಾಡ್ಯಕ್ಕೆ ತೆಗೀತೇನೆ ಭಯ್ಯಾ, ಇನ್ನೆರಡೇ ದಿನ. ಒಂದು ಹೋಯ್ತು ಅಂತ ಇನ್ನೊಂದೂ ಹೋಗ್ಬೇಕಾ?"

"ಹೊಸದು ಹಾಕಿಸಿ. ಇವತ್ತೇ."

"ಪಕ್ಷದಲ್ಲಾ?" ಅವನಿಗೆ ನಗು ಬಂತು. "ಹಳೆಯದಕ್ಕೆ ದೋಷವಿಲ್ಲ ಅಂತ ನೀವೇ ತೋರಿಸಿಕೊಟ್ಟಿರಲ್ಲ. ಅಪ್ಪ ಈಗ ಎಲ್ಲರಿಗೂ ಅದನ್ನೇ ಹೇಳ್ತಿದ್ದಾರೆ. ಪಕ್ಕದ ಮನೆಯವರೂ ನಿನ್ನೆ ರಾಮನಗರಕ್ಕೆ ಹೋಗಿ ಎರಡು ತಂದರು."

ನಾನು ಹಾಸನದ ಯಜಮಾನರ ಕಡೆ ತಿರುಗಿದೆ. ರೈಲಿದೆ, ದಯವಿಟ್ಟು ರೈಲಿನಲ್ಲಿ ಹೋಗಿ ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ಕಷ್ಟಪಟ್ಟು ಬಗ್ಗಿ ಟೈರು ನೋಡಿದರು. ಗೀರಿನೊಳಗೆ ಬೆರಳಿಟ್ಟರು.

"ಎಷ್ಟು ಆಳವಾಗಿದೆ ನೋಡಪ್ಪ. ಚೆನ್ನಾಗೇ ಇದೆಯಲ್ಲ," ಅಂದರು.

ಗಾಡಿ ಹೊರಟಿತು. ಅಮ್ಮ ಅದಕ್ಕೆ ಕೈಮುಗಿದಳು. ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಲಗಡೆಯ ಹಿಂದಿನ ಚಕ್ರವನ್ನೇ ನೋಡುತ್ತಿದ್ದೆ. ಯಾರೋ ಬೆಳಿಗ್ಗೆ ಮತ್ತೆ ಪಾಲಿಶ್ ಹಚ್ಚಿದ್ದರು. ಹೊಸದರ ಹಾಗೆ ಹೊಳೆಯುತ್ತಿತ್ತು.