ಕೈಮಾತಿನ ಸರದಿ

ಇಂಟರ್ನೆಟ್ ಕಂಪನಿಯ ಆ ತಣ್ಣನೆಯ ಕೋಣೆಯಲ್ಲಿ ಸಹೋದ್ಯೋಗಿಗಳು ಅವಳಿಗಿಟ್ಟ ಅಡ್ಡಹೆಸರು ‘ದ್ವಾರಪಾಲಕಿ’. ತಪ್ಪೇನಿಲ್ಲ. ಸಾವಿರಾರು ಮನೆಗಳ ಮಾತು, ಪತ್ರ, ಸಿನಿಮಾ ಎಲ್ಲವೂ ಚೂರುಚೂರಾಗಿ ಅವಳ ರೂಟರ್‌ಗಳನ್ನೇ ಹಾಯ್ದು ಹೋಗಬೇಕು. ಸಂಜೆ ಎಲ್ಲರೂ ಮನೆ ಸೇರಿ ತಂತಿ ತುಂಬಿಕೊಂಡಾಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಯಾರಾದರೂ ಹೇಳಬೇಕಲ್ಲ? ಹೇಳಿದವಳು ಇವಳೇ: ದನಿ ಮೊದಲು, ವಿಡಿಯೋ ಕೊನೆಗೆ. ಫೋನಿನ ಮಾತು ತುಂಡಾದರೆ ಅನಾಹುತವಾದೀತು, ಚಿತ್ರ ಒಂದು ಗಳಿಗೆ ನಿಂತರೆ ಯಾರ ಗಂಟೇನು ಹೋಗುತ್ತದೆ ಎಂಬುದು ಅವಳ ವಾದ.

ಮಾರಾಟದವರು ದೊಡ್ಡ ಗಿರಾಕಿಗಳಿಗಾಗಿ ಗೋಗರೆದರು. ಅತ್ತೆ ತಮ್ಮ ಧಾರಾವಾಹಿ ನಿಂತುನಿಂತು ಬರುತ್ತದೆಂದು ಮುಖ ಊದಿಸಿಕೊಂಡರು. ಜಪ್ಪಯ್ಯ ಎಂದರೂ ಅವಳು ಜಗ್ಗಲಿಲ್ಲ.

ಅವಳ ಅಣ್ಣ ಬಡಗಿ, ಹುಟ್ಟಿನಿಂದ ಕಿವಿ ಕೇಳದವನು. ಅತ್ತಿಗೆ ತೀರಿಕೊಂಡ ಮೇಲೆ ಮಗಳೇ ಅವನ ಜೀವ. ಆ ಮಗುವಿಗೂ ಕಿವಿ ಕೇಳದು; ಪಕ್ಕದ ಊರಿನಲ್ಲಿ ಕಿವುಡು ಮಕ್ಕಳ ಶಾಲೆಯಲ್ಲಿದ್ದುಕೊಂಡು ಓದುತ್ತಿತ್ತು. ಒಂದು ದಿನ ಅಣ್ಣ ತಂಗಿಯನ್ನು ಕರೆಸಿಕೊಂಡ. ಮಗಳು ಪಾಠಕ್ಕೇ ಕೂರುತ್ತಿಲ್ಲವಂತೆ, ಹೀಗೇ ಆದರೆ ಮನೆಗೆ ಕರೆದುಕೊಂಡು ಹೋಗಿ ಎಂದು ಶಾಲೆಯವರು ತಿಳಿಸಿದ್ದರು.

“ನಾನು ಅವಳ ಮಾತು ಅರ್ಧಕ್ಕೇ ಕತ್ತರಿಸ್ತೀನಂತೆ. ಅಪ್ಪಂಗೆ ನಾನು ಬೇಡವಾದೆ ಅಂತಾಳೆ,” ಎಂದವು ಅಣ್ಣನ ಕೈಗಳು. “ನಾನೆಲ್ಲಿ ಕತ್ತರಿಸ್ತೀನಿ? ಅದೇ ನಿಂತುಹೋಗುತ್ತೆ.”

ಅಷ್ಟರಲ್ಲಿ ಮಗಳ ಕರೆ ಬಂತು. ಪರದೆಯ ಮೇಲೆ ಪುಟ್ಟ ಕೈಗಳು ಏನನ್ನೋ ಹೇಳಲು ಹೊರಟು, ಗಾಳಿಯಲ್ಲೇ ಮರಗಟ್ಟಿದವು. ಅಣ್ಣ ತಡಬಡಾಯಿಸಿ, ಪೂರ್ತಿ ಕಡಿದುಹೋಗುವ ಮೊದಲೇ ಇರಲಿ ಎಂದು ಕೈಯೆತ್ತಿ ‘ಬರ್ತೀನಿ’ ಎಂದುಬಿಟ್ಟ. ದಿನವೂ ಇದೇ ಪಾಡಂತೆ.

ಅವಳಿಗೆ ತನ್ನದೇ ನಿಯಮ ನೆನಪಾಯಿತು: ವಿಡಿಯೋ ಕೊನೆಗೆ. ಕೈಮಾತಿನ ಮನೆಯಲ್ಲೇ ಬೆಳೆದ ಹೆಣ್ಣು, ರೂಟರ್ ಮುಂದೆ ಕುಳಿತಾಗ ಮಾತೆಂದರೆ ದನಿ ಎಂದುಕೊಂಡಿದ್ದಳು! ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದಳೋ.

ಮರುದಿನ ಕೆಲಸಕ್ಕೆ ಕೂತಾಗ ಅಣ್ಣನ ಮನೆಯ ತಂತಿಯೊಂದನ್ನೇ ಸದ್ದಿಲ್ಲದೆ ಮುಂದಕ್ಕೆ ಬಿಡುವ ಆಸೆ ಅವಳ ಬೆರಳ ತುದಿಯವರೆಗೂ ಬಂತು. ಆದರೆ ಆ ಶಾಲೆಯ ಉಳಿದ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರಲ್ಲ. ಎದ್ದು ಮುಖ್ಯಸ್ಥರ ಬಳಿ ಹೋಗಿ, ಆ ಶಾಲೆಯ ವಿಡಿಯೋ ಕರೆಗಳನ್ನು ಮುಂದೆ ಬಿಡಬೇಕೆಂದಳು.

“ಏನಮ್ಮಾ, ದ್ವಾರಪಾಲಕಿಗೂ ನೆಂಟರು ಹುಟ್ಕೊಂಡ್ರಾ?” ಎಂದು ಅವರು ನಕ್ಕರು.

ಅವಳ ಮುಖ ಕೆಂಪಾಯಿತು. “ಹೌದು ಸಾರ್, ನಮ್ಮಣ್ಣನ ಮಗಳೇ. ಆದ್ರೆ ಕೇಳ್ತಿರೋದು ಇಡೀ ಶಾಲೆಗೆ. ನಿಯಮ ಮಾಡುವಾಗ ತಪ್ಪಿದ್ದು ನಾನು. ಆ ಶಾಲೆ ತಂತಿ ನಮ್ಮ ರೂಟರಿನ ಒಂದೇ ಪೋರ್ಟಿಗೆ ಬರುತ್ತೆ, ಬೇರೆ ಮಾಡೋದು ಸುಲಭ. ಅಲ್ಲಿಂದ ಹೋಗೋ, ಅಲ್ಲಿಗೆ ಬರೋ ವಿಡಿಯೋ ಕರೆಗೆ ಮಾತ್ರ ದನಿಯ ಗುರುತು ಹಾಕಿ ಮುಂದೆ ಬಿಡೋಣ. ಸಿನಿಮಾಗಲ್ಲ. ಇಷ್ಟೇ ಅಂತ ಮಿತೀನೂ ಇಡ್ತೀನಿ.”

ಮುಖ್ಯಸ್ಥರ ನಗು ನಿಂತಿತು. “ಬೇರೆಯವರ ಫೋನ್ ಮಾತಿಗೆ ಚೂರು ಪೆಟ್ಟು ಬಿದ್ರೂ ಆ ಗುರುತು ಕಿತ್ತು ಹಾಕ್ತೀನಿ, ನೋಡು.”

“ಕಿತ್ತು ಹಾಕಿ,” ಎಂದು ಅವಳು ಹೊರಬಂದಳು.

ಆ ಸಂಜೆ ಅಣ್ಣನ ಪಕ್ಕದಲ್ಲೇ ಕುಳಿತಳು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಟೀವಿಗಳು ಗದ್ದಲ ಹಾಕುತ್ತಿದ್ದವು. ತಂತಿ ತುಂಬಿ ತುಳುಕುವ ಹೊತ್ತು. ಗಂಟುಮುಖದ ಮಗಳು ಪರದೆಗೆ ಬಂದಳು. ಮೊದಲು ಬೈದಳು. ಆಮೇಲೆ ಗೆಳತಿಯೊಬ್ಬಳ ಮೇಲೆ ಚಾಡಿ, ಲೆಕ್ಕದ ಮೇಷ್ಟರ ಮೇಲೆ ದೂರು, ಕಿತ್ತುಹೋದ ಚಪ್ಪಲಿಯ ಕಥೆ. ಕೈಗಳು ಎಲ್ಲೂ ಮುಗ್ಗರಿಸಲಿಲ್ಲ.

ಅಣ್ಣನಿಗೆ ಮಾತ್ರ ನಂಬಿಕೆ ಬರಲೊಲ್ಲದು. ಇನ್ನೇನು ನಿಂತೇಹೋಗುತ್ತದೆ ಎಂದು ಹೆದರಿ, ಎಂದಿನಂತೆ ‘ಬರ್ತೀನಿ’ ಎನ್ನಲು ಕೈಯೆತ್ತಿದ.

ಮಗಳು ಹುಬ್ಬು ಗಂಟಿಕ್ಕಿದಳು.

“ಅಪ್ಪಾ, ಕೈ ಕೆಳಗಿಡು. ನಾನಿನ್ನೂ ಮಾತಾಡ್ತಾ ಇದ್ದೀನಿ.”